‘ಉಲ್ಲನ್’ ಎಂಬ ಸುಳ್ಳು, ತಾಯಿಯ ಹದಿನೈದು ನಿಮಿಷ

ಮಲೆನಾಡಿನ ಯಾವುದೇ ಪೇಟೆಯಲ್ಲಿ ಮಳೆಗಾಲಕ್ಕೆ ಮುಂಚೆ ಬಟ್ಟೆ ಅಂಗಡಿಗಳ ಮುಂದೆ ಕೂಸಿನ ಟೋಪಿ, ಕಾಲುಚೀಲ, ಸ್ವೆಟರುಗಳು ಸಾಲಾಗಿ ತೂಗುತ್ತವೆ. ಅಂಗಡಿಯವರು ಅವೆಲ್ಲಕ್ಕೂ ಇಟ್ಟ ಹೆಸರು ಒಂದೇ: ‘ಉಲ್ಲನ್’. ಮನೆಯಲ್ಲಿಯೇ ಹೆಣೆಯುತ್ತೇವೆಂದು ದಾರ ಕೇಳಿದರೂ ಅವರು ಕೊಡುವುದು ‘ಉಲ್ಲನ್ ಉಂಡೆ’ಯನ್ನೇ. ಇಂಗ್ಲಿಷಿನಿಂದ ಬಂದ ಈ ಪದಕ್ಕೆ ಉಣ್ಣೆಯದ್ದು ಎಂದು ಅರ್ಥ. ಉಣ್ಣೆ ಕುರಿಯ ಮೈಮೇಲೆ ಬೆಳೆಯುವ ವಸ್ತು ಎಂಬುದನ್ನು ಒಂದನೆಯ ತರಗತಿಯ ಮಗುವೂ ಬಲ್ಲದು. ಆದರೆ ಅಂಗಡಿಯ ಆ ಬಣ್ಣಬಣ್ಣದ ಉಂಡೆಗಳಲ್ಲಿ ಬಹುಪಾಲಿಗೂ ಕುರಿಗೂ ಯಾವ ಸಂಬಂಧವೂ ಇಲ್ಲ. ಅದು ಆಕ್ರಿಲಿಕ್, ಅಂದರೆ ನೂಲಿನ ರೂಪದ ಪ್ಲಾಸ್ಟಿಕ್. ಪ್ಲಾಸ್ಟಿಕ್ ಚೀಲ ಬೇಡವೆಂದು ಸಂತೆಗೆ ಬಟ್ಟೆಯ ಚೀಲ ಒಯ್ಯುವ ನಾವು, ಹುಟ್ಟಿ ಹನ್ನೊಂದು ದಿನ ತುಂಬದ ಕೂಸಿನ ತಲೆಗೆ ಪ್ಲಾಸ್ಟಿಕ್ಕನ್ನು ತೊಡಿಸಿ ‘ಬೆಚ್ಚಗಿರಲಿ’ ಎನ್ನುತ್ತಿದ್ದೇವೆ.

ಇದನ್ನು ನಂಬಲು ಯಾರ ಭಾಷಣವೂ ಬೇಕಿಲ್ಲ. ಒಂದು ಗೇಣು ದಾರವನ್ನು ಇಕ್ಕುಳದಲ್ಲಿ ಹಿಡಿದು, ಕೆಳಗೊಂದು ನೀರಿನ ಪಾತ್ರೆಯಿಟ್ಟು, ತುದಿಗೆ ಬೆಂಕಿ ತಾಗಿಸಿ. (ಮಕ್ಕಳು ದೂರವಿರಲಿ.) ನಿಜವಾದ ಉಣ್ಣೆಯಾದರೆ ಒಲ್ಲದ ಮನಸ್ಸಿನಿಂದ ಸುಡುತ್ತದೆ, ಬೆಂಕಿಯಿಂದ ಹೊರಗೆ ತೆಗೆದೊಡನೆ ತಾನಾಗಿಯೇ ಆರುತ್ತದೆ, ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದ ಕರಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಹಗುರವಾದ ಬೂದಿ. ಆಕ್ರಿಲಿಕ್ ಆದರೆ ಭಗ್ಗನೆ ಹೊತ್ತಿಕೊಂಡು, ಕರಗಿ, ಕಪ್ಪು ಹನಿಯಾಗಿ ತೊಟ್ಟಿಕ್ಕುತ್ತದೆ. ತಣಿದ ಮೇಲೆ ಆ ಹನಿ ಕಲ್ಲಿನಂತೆ ಗಟ್ಟಿಯಾಗುತ್ತದೆ, ಉಗುರಿಗೆ ಬಗ್ಗುವುದಿಲ್ಲ. ವಿಜ್ಞಾನ ಓದುವ ವಿದ್ಯಾರ್ಥಿಗಳು ಈ ಪರೀಕ್ಷೆಯನ್ನು ತಮ್ಮ ತಮ್ಮ ಊರಿನ ಅಂಗಡಿಯ ದಾರದ ಮೇಲೆ ಮಾಡಿ ನೋಡಬೇಕು. ಶಾಲೆಯ ಪ್ರಯೋಗಾಲಯದಲ್ಲಿ ಕಲಿಯುವ ಎಷ್ಟೋ ಪ್ರಯೋಗಗಳಿಗಿಂತ ಇದು ಜೀವನಕ್ಕೆ ಹತ್ತಿರವಾದುದು.

ಆ ಕಪ್ಪು ಹನಿಯ ವಿಚಾರ ಕೇವಲ ಗುರುತು ಹಚ್ಚುವ ಮಾತಲ್ಲ. ನಮ್ಮ ಮನೆಗಳಲ್ಲಿ ಇಂದಿಗೂ ಬಚ್ಚಲೊಲೆ ಉರಿಯುತ್ತದೆ. ಮಳೆಗಾಲದ ಮುಂಜಾನೆ ಅಂಬೆಗಾಲಿಡುವ ಮಗು ಹೋಗುವುದು ಬೆಳಕು ಮತ್ತು ಬೆಚ್ಚನೆಯ ಜಾಗ ಇರುವಲ್ಲಿಗೆ, ಅಂದರೆ ಒಲೆಯ ಬಾಯಿಗೆ. ಕಿಡಿಯೊಂದು ಸಿಡಿದರೆ ಕಂಬಳಿಯ ಮೇಲೆ ಅದು ಕರಿಯ ಚುಕ್ಕೆಯಾಗಿ ಆರಿಹೋಗುತ್ತದೆ. ಆಕ್ರಿಲಿಕ್ಕಿನ ಸ್ವೆಟರಿನ ಮೇಲೆ ಬಿದ್ದರೆ ಕರಗಿದ ನೂಲು ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಬಿಡಿಸಲು ಹೋದರೆ ಚರ್ಮವೂ ಜೊತೆಗೆ ಬರುತ್ತದೆ. ವಿದ್ಯುತ್ ಹೀಟರಿನ ಕೋಣೆಯಲ್ಲಿ ಬೆಳೆಯುವ ನಗರದ ಮಗುವಿಗೆ ಈ ಅಪಾಯ ಅಷ್ಟಾಗಿ ತಟ್ಟದಿರಬಹುದು. ಸೌದೆಯ ಒಲೆಯಿರುವ ಮನೆಗೆ ಈ ಬಟ್ಟೆಯನ್ನು ಮಾರುವವರು ಒಂದು ಎಚ್ಚರಿಕೆಯ ಮಾತನ್ನಾದರೂ ಹೇಳಬೇಕಿತ್ತು. ಹೇಳುವುದಿಲ್ಲ, ಏಕೆಂದರೆ ಅವರ ಪ್ರಕಾರ ಅದು ‘ಉಲ್ಲನ್’.

ಆಕ್ರಿಲಿಕ್ಕಿನ ವಂಶವೃಕ್ಷವನ್ನು ಸಂಕ್ಷೇಪವಾಗಿ ಹೇಳಿಬಿಡೋಣ. ಪೆಟ್ರೋಲಿಯಂನಿಂದ ದೊರೆಯುವ ಪ್ರೊಪಿಲೀನ್ ಎಂಬ ಅನಿಲ, ಜೊತೆಗೆ ಅಮೋನಿಯ. ಇವೆರಡರಿಂದ ಅಕ್ರಿಲೋನೈಟ್ರೈಲ್ ಎಂಬ ರಾಸಾಯನಿಕ. ಅದರ ಸರಪಣಿಯಿಂದ ಈ ನೂಲು. ಅಮೆರಿಕದ ಡ್ಯೂಪಾಂಟ್ ಕಂಪನಿ 1950ರಲ್ಲಿ ‘ಓರ್ಲಾನ್’ ಎಂಬ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗಿಳಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2024ರಲ್ಲಿ ಅಕ್ರಿಲೋನೈಟ್ರೈಲನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೆಯ ಗುಂಪಿಗೆ ಸೇರಿಸಿತು. ಇಲ್ಲಿ ಉತ್ಪ್ರೇಕ್ಷೆ ಸಲ್ಲದು. ಸಿದ್ಧವಾದ ಸ್ವೆಟರು ತೊಟ್ಟ ಮಗುವಿಗೆ ಕ್ಯಾನ್ಸರ್ ಬರುತ್ತದೆಂದು ಇದರರ್ಥವಲ್ಲ. ಈ ತೀರ್ಮಾನಕ್ಕೆ ಮುಖ್ಯ ಆಧಾರ ಕಾರ್ಖಾನೆಗಳಲ್ಲಿ ಆ ರಾಸಾಯನಿಕದ ನಡುವೆ ದುಡಿದವರ ಆರೋಗ್ಯ. ಆದರೆ ನಮ್ಮ ಮಗುವಿನ ಬೆಚ್ಚನೆಯ ಟೋಪಿಯ ಬೆಲೆಯನ್ನು ಯಾವುದೋ ಊರಿನ ಕಾರ್ಮಿಕನ ಶ್ವಾಸಕೋಶ ತೆರುತ್ತಿದ್ದರೆ, ಅದು ನಮಗೆ ಸಂಬಂಧಿಸಿದ್ದಲ್ಲವೆಂದು ಹೇಳುವಷ್ಟು ಸಣ್ಣ ಮನಸ್ಸು ಈ ಪತ್ರಿಕೆಯ ಓದುಗರದಲ್ಲ ಎಂದು ಭಾವಿಸುತ್ತೇನೆ.

ಇನ್ನು ನೀರು. ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಬಟ್ಟೆ ಒಗೆಯುವ ಯಂತ್ರದಿಂದ ಹೊರಬರುವ ನೀರನ್ನು ಸೋಸಿ ಎಳೆಗಳನ್ನು ಎಣಿಸಿದರು. 6 ಕಿಲೋ ಆಕ್ರಿಲಿಕ್ ಬಟ್ಟೆಯನ್ನು ಒಂದು ಸಲ ಒಗೆದರೆ 7 ಲಕ್ಷಕ್ಕೂ ಮಿಕ್ಕಿ ಸೂಕ್ಷ್ಮ ಎಳೆಗಳು ಉದುರಬಹುದೆಂದು ಅವರ ಅಂದಾಜು. ಅವರು ಪರೀಕ್ಷಿಸಿದ ಬಟ್ಟೆಗಳಲ್ಲಿ ಅತಿ ಹೆಚ್ಚು ಉದುರಿಸಿದ್ದು ಆಕ್ರಿಲಿಕ್ಕೇ. ನಮ್ಮಲ್ಲಿ ಯಂತ್ರವಿಲ್ಲದ ಮನೆಗಳಲ್ಲಿ ಒಗೆಯುವ ಕಲ್ಲಿದೆ. ಕಲ್ಲಿಗೆ ಬಡಿದ ನೂಲು ಯಂತ್ರದಲ್ಲಿ ತಿರುಗಿದ ನೂಲಿಗಿಂತ ಕಡಿಮೆ ಉದುರೀತೆಂದು ನಂಬಲು ಕಾರಣವಿಲ್ಲ. ಕೂಸಿನ ಬಟ್ಟೆಯನ್ನು ವಾರಕ್ಕೊಮ್ಮೆಯಲ್ಲ, ದಿನಕ್ಕೆರಡು ಸಲ ಒಗೆಯುತ್ತೇವೆ. ಕಲ್ಲಿನ ನೀರು ತೋಟದ ಕಾಲುವೆಗೆ, ಕಾಲುವೆಯಿಂದ ಹಳ್ಳಕ್ಕೆ, ಹಳ್ಳದಿಂದ ಹೊಳೆಗೆ. ಅಣೆಕಟ್ಟಿಲ್ಲದೆ ಕಡಲು ಸೇರುವ ಅಘನಾಶಿನಿಯ ಅಳಿವೆಗೆ 2024ರಲ್ಲಿ ರಾಮ್ಸರ್ ಜೌಗುಪ್ರದೇಶದ ಮನ್ನಣೆ ದೊರೆಯಿತೆಂದು ನಾವೆಲ್ಲ ಸಂತೋಷಪಟ್ಟೆವು. ಆ ಅಳಿವೆಯ ಚಿಪ್ಪಿಕಲ್ಲುಗಳು ಆಹಾರ ಹುಡುಕುವುದು ನೀರನ್ನು ಸೋಸಿ. ಗಟ್ಟದ ಮೇಲೆ ನಾವು ಒಗೆದದ್ದು ಗಟ್ಟದ ಕೆಳಗಿನವರ ಊಟದ ತಟ್ಟೆಗೆ ಹೋಗುವ ದಾರಿ ಇಷ್ಟು ನೇರವಾದುದು.

ಇಲ್ಲಿಯವರೆಗೆ ಬರೆದುದನ್ನು ನಮ್ಮ ಬಳಗದ ಬಹುತೇಕರು ತಲೆದೂಗಿ ಒಪ್ಪುತ್ತಾರೆ. ಒಪ್ಪಿದ ಮರುಕ್ಷಣವೇ ಅವರು ಹೇಳುವ ಮಾತು ಯಾವುದೆಂದೂ ನನಗೆ ಗೊತ್ತು: ‘ಹಾಗಾದರೆ ನಮ್ಮ ಹೆಣ್ಣುಮಕ್ಕಳು ಮತ್ತೆ ಕೈಯಲ್ಲಿ ಹೆಣೆಯಲು ಕಲಿಯಬೇಕು. ಹಿಂದೆ ಅಜ್ಜಿಯರು ಎಷ್ಟು ಚೆನ್ನಾಗಿ ಎಲ್ಲವನ್ನೂ ತಾವೇ ಮಾಡುತ್ತಿದ್ದರು!’ ನನ್ನ ಜಗಳ ನಿಜವಾಗಿ ಶುರುವಾಗುವುದು ಇಲ್ಲಿಂದ. ಅಂಗಡಿಯವರೊಡನೆ ನನಗಿರುವುದು ವ್ಯಾಜ್ಯ. ನಮ್ಮವರೊಡನೆ ಇರುವುದು ಸಿಟ್ಟು.

ಸಭೆ, ಶಿಬಿರ, ಸಮ್ಮೇಳನಗಳ ವೇದಿಕೆಯಿಂದ ಈ ಮಾತನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಹೇಳುವವರು ಸಾಮಾನ್ಯವಾಗಿ ಗಂಡಸರು. ಹೇಳುವ ಹೊತ್ತಿಗೆ ಅವರ ಮಕ್ಕಳು ಮನೆಯಲ್ಲಿ ಯಾರದೋ ಸೊಂಟದ ಮೇಲಿರುತ್ತಾರೆ. ಪ್ಲಾಸ್ಟಿಕ್ ಡೈಪರ್ ಬೇಡ, ಬಟ್ಟೆಯ ಲಂಗೋಟಿ ಕಟ್ಟಿ ಎನ್ನುತ್ತಾರೆ, ಒಗೆಯುವವರು ಯಾರು? ಡಬ್ಬದ ಆಹಾರ ಬೇಡ, ರಾಗಿಯನ್ನು ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ವಸ್ತ್ರಗಾಳಿಸಿ ಸರಿ ಮಾಡಿ ಎನ್ನುತ್ತಾರೆ; ಬೀಸುವವರು ಯಾರು? ಈಗ ಆಕ್ರಿಲಿಕ್ ಬೇಡ, ಹೆಣೆಯಿರಿ. ಮಾರುಕಟ್ಟೆ ತಾಯಿಯ ಹಣವನ್ನು ಕಸಿಯುತ್ತದೆ, ನಿಜ. ಆದರೆ ನಮ್ಮ ಆದರ್ಶಗಳೆಲ್ಲ ಅವಳ ನಿದ್ದೆಯನ್ನೇ ಬಂಡವಾಳವಾಗಿ ಎಣಿಸಿಕೊಂಡಿವೆ. ಪರಿಸರ ಉಳಿಸುವ ಪ್ರತಿಯೊಂದು ಕೆಲಸವೂ ಕೊನೆಗೆ ಹೆಂಗಸಿನ ದಿನಕ್ಕೆ ಇನ್ನರ್ಧ ಗಂಟೆ ಸೇರಿಸುವುದಾದರೆ ಆ ಪರಿಸರವಾದದಲ್ಲಿ ಏನೋ ಐಬಿದೆ.

ಲೆಕ್ಕ ಬೇಕೇ? ಕೇಂದ್ರ ಸರಕಾರವೇ 2024ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕಾಗಿ ದಿನಕ್ಕೆ 289 ನಿಮಿಷ ಕಳೆಯುತ್ತಾರೆ; ಗಂಡಸರು 88 ನಿಮಿಷ. ಇದರಲ್ಲೊಂದು ಸೂಕ್ಷ್ಮವಿದೆ: ಆ 88 ನಿಮಿಷ ಎಲ್ಲ ಗಂಡಸರದಲ್ಲ, ಏನಾದರೂ ಮನೆಗೆಲಸ ಮಾಡಿದ ಗಂಡಸರದು ಮಾತ್ರ. ಮಕ್ಕಳು, ಮುದುಕರು, ಕಾಯಿಲೆಯವರನ್ನು ನೋಡಿಕೊಳ್ಳುವುದು ಬೇರೆ ಲೆಕ್ಕ. 15ರಿಂದ 59 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 41 ಮಂದಿ ಆ ಕೆಲಸದಲ್ಲಿದ್ದರು, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ನೂರಕ್ಕೆ 21 ಮಂದಿ, ಸುಮಾರು 74 ನಿಮಿಷ. ಇದು ಇಡೀ ದೇಶದ ಸರಾಸರಿ. ಕೊಟ್ಟಿಗೆ, ಸೊಪ್ಪು, ತೋಟ, ಅಡಿಕೆ ಸುಲಿಯುವ ರಾತ್ರಿಗಳು ಇರುವ ಮಲೆನಾಡಿನ ಹೆಣ್ಣಿಗೆ, ಕಾಫಿ ತೋಟದ ಕೂಲಿ ಮುಗಿಸಿ ಬರುವ ಹೆಣ್ಣಿಗೆ ಇದಕ್ಕಿಂತ ಹೆಚ್ಚು ಬಿಡುವಿದೆಯೆಂದು ಯಾರಾದರೂ ಹೇಳುವ ಧೈರ್ಯ ಮಾಡಲಿ.

ಮತ್ತು ಆ ಅಜ್ಜಿಯರ ಮಾತು. ನಮ್ಮ ಸೀಮೆಯ ಅಜ್ಜಿಯರು ಕೂಸಿಗೆ ಸ್ವೆಟರು ಹೆಣೆದದ್ದೇ ಅಪರೂಪ. ಎರಡು ಕಡ್ಡಿಯ ಹೆಣಿಗೆ ನಮ್ಮಲ್ಲಿ ಹೆಚ್ಚಾಗಿ ಶಾಲೆಗಳ ಕರಕುಶಲ ತರಗತಿಯಿಂದ, ಪೇಟೆಯ ಪತ್ರಿಕೆಗಳಿಂದ ಬಂದ ವಿದ್ಯೆ. ಒಳ್ಳೆಯ ವಿದ್ಯೆಯೇ, ಆದರೆ ಅನಾದಿಯದಲ್ಲ. ಅಜ್ಜಿಯರು ಮಾಡುತ್ತಿದ್ದುದು ಕುಲಾವಿ ಮತ್ತು ಕುಂಚಿಗೆ. ನೂರಾರು ಸಲ ಒಗೆದು ಬೆಣ್ಣೆಯಂತಾದ ಹತ್ತಿಯ ಸೀರೆಯ ತುಂಡಿನಿಂದ, ತಲೆಯನ್ನೂ ಕಿವಿಯನ್ನೂ ಮುಚ್ಚಿ ಬೆನ್ನಿಗೆ ಇಳಿಬೀಳುವಂತೆ ಒಂದು ಮಧ್ಯಾಹ್ನದಲ್ಲಿ ಹೊಲಿದು ಮುಗಿಸುವ ಉಡುಪು ಅದು. ತೊಟ್ಟಿಲಿಗೆ ಹಳೆಯ ಸೀರೆಗಳ ಪದರದ ಕೌದಿ. ಅವರು ಜಾಣೆಯರಾಗಿದ್ದರು; ತಮ್ಮ ಸಮಯಕ್ಕೆ ಬೆಲೆ ಕಟ್ಟಿ, ಅತಿ ಕಡಿಮೆ ದುಡಿಮೆಯಲ್ಲಿ ಅತಿ ಹೆಚ್ಚು ಬೆಚ್ಚಗಾಗುವ ದಾರಿಯನ್ನು ಹುಡುಕಿಕೊಂಡಿದ್ದರು. ಅಜ್ಜಿಯ ಹೆಸರು ಹೇಳಿ ಮೊಮ್ಮಗಳ ಮೇಲೆ ಹೊರೆ ಹೊರಿಸುವವರು ಮೊದಲು ಅಜ್ಜಿಯ ಈ ಲೆಕ್ಕಾಚಾರವನ್ನು ಕಲಿಯಬೇಕು. ಹಳೆಯ ಹತ್ತಿ ಸೀರೆಯೇ ಮನೆಯಲ್ಲಿಲ್ಲ, ಇರುವುದೆಲ್ಲ ಪಾಲಿಯೆಸ್ಟರ್ ಎಂಬುದು ಇನ್ನೊಂದು ದುಃಖ.

ಹಾಗಾದರೆ ಹೆಣಿಗೆಯೇ ಬೇಡವೇ? ಬೇಕು. ಹೆಣೆಯುವುದು ಸುಖದ ಕೆಲಸ. ಎಲ್ಲಿ ಬೇಕಾದರೂ ನಿಲ್ಲಿಸಿ ಎದ್ದು ಹೋಗಬಹುದಾದ ಕೆಲವೇ ಕೆಲಸಗಳಲ್ಲಿ ಅದೊಂದು. ಮಗು ಅತ್ತರೆ ಹಾಲು ಉಕ್ಕುತ್ತದೆ, ದೋಸೆ ಸೀಯುತ್ತದೆ. ಹೆಣಿಗೆ ಮಾತ್ರ ಸುಮ್ಮನೆ ಕಾದಿರುತ್ತದೆ. ಸಾಲಿನ ಮಧ್ಯೆ ಬಿಟ್ಟು ಏಳಬಾರದು ಎಂಬುದೊಂದೇ ನಿಯಮ, ಅದನ್ನೂ ಮುರಿಯಬಹುದು. ಬೇಡವಾದದ್ದು ಹೆಣಿಗೆಯ ಬಗೆಗಿನ ಭ್ರಮೆ. ಆ ಭ್ರಮೆಯನ್ನು ಕಳೆಯಲು ಎಣಿಸಿ ನೋಡುವುದೇ ಒಳ್ಳೆಯ ಉಪಾಯ.

4 ಮಿಲಿಮೀಟರಿನ ಕಡ್ಡಿ, ಮಧ್ಯಮ ದಪ್ಪದ ದಾರ, 10 ಸೆಂಟಿಮೀಟರಿಗೆ 20 ಕುಣಿಕೆ ಎಂದಿಟ್ಟುಕೊಳ್ಳಿ. ಆರು ತಿಂಗಳ ಕೂಸಿನ ತಲೆಯ ಸುತ್ತಳತೆ ಸುಮಾರು 42 ಸೆಂ.ಮೀ.; ಹೆಣಿಗೆ ಹಿಗ್ಗುವುದರಿಂದ ಟೋಪಿ 38 ಸೆಂ.ಮೀ. ಇದ್ದರೆ ಸಾಕು. ಅಂದರೆ 76 ಕುಣಿಕೆ, ಸುಮಾರು 45 ಸಾಲು. ನೆತ್ತಿಯಲ್ಲಿ ಕಡಿಮೆ ಮಾಡುತ್ತ ಹೋಗುವುದನ್ನು ಕಳೆದರೆ ಒಟ್ಟು 3,000 ಕುಣಿಕೆ. ಕೈ ಪಳಗಿದವರು ನಿಮಿಷಕ್ಕೆ 20 ಕುಣಿಕೆ ಹೆಣೆದರೆ ಎರಡೂವರೆ ಗಂಟೆಯ ಕೆಲಸ. ದಿನಕ್ಕೆ ಹದಿನೈದು ನಿಮಿಷ ಸಿಕ್ಕರೆ ಹತ್ತು ದಿನ. ಹೊಸಬರಿಗೆ ಇಪ್ಪತ್ತು ದಿನ. ಅದೇ ಕೂಸಿಗೆ ತೋಳಿರುವ ಸ್ವೆಟರಾದರೆ ಮೈಭಾಗ ಮತ್ತು ಎರಡು ತೋಳು ಸೇರಿ 12,000 ಕುಣಿಕೆಯ ಹತ್ತಿರ. ಪಳಗಿದ ಕೈಗೆ ಹತ್ತು ಗಂಟೆ, ಅಂದರೆ ನಲವತ್ತು ದಿನ, ಹೊಸಬರಿಗೆ ಎಂಬತ್ತು. ತೋಳು ಜೋಡಿಸಿ ಮುಗಿಸುವಷ್ಟರಲ್ಲಿ ಆರು ತಿಂಗಳ ಕೂಸಿಗೆ ಎಂಟೂವರೆ ತಿಂಗಳಾಗಿ, ಸ್ವೆಟರು ಕತ್ತಿನಲ್ಲಿ ಸಿಕ್ಕಿಕೊಳ್ಳುತ್ತದೆ. ಅರ್ಧ ಹೆಣೆದ ಸ್ವೆಟರುಗಳು ಎಷ್ಟು ಮನೆಗಳ ಟ್ರಂಕಿನಲ್ಲಿ ಮಲಗಿವೆಯೆಂದು ಕೇಳಿ ನೋಡಿ. ಒಂದೊಂದರ ಹಿಂದೆಯೂ ‘ನನ್ನಿಂದ ಆಗಲಿಲ್ಲ’ ಎಂದು ನೊಂದುಕೊಂಡ ಒಬ್ಬ ತಾಯಿಯಿದ್ದಾಳೆ. ಆಗದಿದ್ದುದು ಅವಳಿಂದಲ್ಲ, ಗಣಿತದಿಂದ.

ಆದ್ದರಿಂದ ಟೋಪಿ ಹೆಣೆಯಿರಿ, ಸ್ವೆಟರಿನ ಗೊಡವೆ ಬಿಡಿ. ಟೋಪಿ ಮುಗಿದ ಮೇಲೂ ಹುರುಪಿದ್ದರೆ ತೋಳಿಲ್ಲದ ಬಂಡಿ. ಅದನ್ನೂ ಕೂಸಿನ ಅಳತೆಗಲ್ಲ, ಆರು ತಿಂಗಳು ದೊಡ್ಡ ಮಗುವಿನ ಅಳತೆಗೆ. ಎಲ್ಲ ಸಾಲನ್ನೂ ಸೀದಾ ಹೆಣೆದರೆ ಬರುವ ದಪ್ಪನೆಯ ಏಣುಏಣಿನ ಹೆಣಿಗೆ ಹಿಗ್ಗುತ್ತದೆ, ಒಂದು ಮಳೆಗಾಲ ಹೆಚ್ಚಿಗೆ ಬರುತ್ತದೆ, ಅರೆನಿದ್ದೆಯಲ್ಲಿಯೂ ತಪ್ಪುವುದಿಲ್ಲ. ಪತ್ರಿಕೆಗಳಲ್ಲಿ ಬರುವ ತೂತುತೂತಿನ ಹೂವಿನ ಮಾದರಿಗಳಲ್ಲಿ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಅವು ಮೇಜಿನ ಮೇಲೆ ಹಾಸಲಿಕ್ಕೆ ಇರಲಿ. ಕತ್ತಿಗೆ ಲಾಡಿ ಬೇಡ, ಬಿಗಿದುಕೊಳ್ಳಬಹುದು. ಬಾಯಿಗೆ ಹೋಗುವಂಥ ಸಣ್ಣ ಗುಂಡಿಯೂ, ಕಿತ್ತು ಬರುವ ಕುಚ್ಚೂ ಬೇಡ.

ಟೋಪಿಗೇ ಏಕೆ ಇಷ್ಟು ಒತ್ತು ಎಂದರೆ, ನವಜಾತ ಶಿಶುವಿನ ದೇಹಕ್ಕೆ ಹೋಲಿಸಿದರೆ ತಲೆ ದೊಡ್ಡದು, ಅಲ್ಲಿಂದ ಶಾಖ ಬೇಗ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕೂಸಿಗೆ ಮೊದಲ 24 ಗಂಟೆ ಸ್ನಾನ ಮಾಡಿಸದಿರಲು, ತಾಯಿಯ ಮೈಗೆ ತಾಗಿಸಿಡಲು, ತಲೆಗೆ ಟೋಪಿ ಹಾಕಲು ಹೇಳುತ್ತದೆ. ತಿಂಗಳು ತುಂಬದೆ ಅಥವಾ ಕಡಿಮೆ ತೂಕದಲ್ಲಿ ಹುಟ್ಟಿದ ಶಿಶುವಿಗೆ ‘ಕಾಂಗರೂ ಆರೈಕೆ’ಯನ್ನು, ಅಂದರೆ ಎದೆಗೆ ಎದೆ ತಾಗಿಸಿ ದಿನದ 8ರಿಂದ 24 ಗಂಟೆ ಹೊತ್ತುಕೊಳ್ಳುವುದನ್ನು, ಹುಟ್ಟಿದ ಕೂಡಲೇ ಆರಂಭಿಸಬೇಕೆಂದು ಅದು 2022ರಲ್ಲಿ ಸ್ಪಷ್ಟವಾಗಿ ಶಿಫಾರಸು ಮಾಡಿತು. ಕೊಲಂಬಿಯ ದೇಶದ ಬೊಗೋಟಾ ನಗರದಲ್ಲಿ, ಶಾಖಪೆಟ್ಟಿಗೆಗಳ ಕೊರತೆಯ ನಡುವೆ, 1970ರ ದಶಕದ ಕೊನೆಯಲ್ಲಿ ಹುಟ್ಟಿದ ಪದ್ಧತಿಯಿದು. ಇದಕ್ಕೆ ಬೇಕಾದ ಸಲಕರಣೆ ಒಂದು ಮನುಷ್ಯದೇಹ, ಒಂದು ಬಟ್ಟೆ, ಒಂದು ಟೋಪಿ. ಆ ದೇಹ ತಂದೆಯದೂ ಆಗಬಹುದು. ಆದರೆ ಆರೋಗ್ಯವಾಗಿರುವ ಕೂಸು ಮನೆಗೆ ಬಂದು ತೊಟ್ಟಿಲಲ್ಲಿ ಮಲಗುವಾಗ ಟೋಪಿಯನ್ನು ತೆಗೆಯಬೇಕು. ನಿದ್ದೆಯಲ್ಲಿ ಮೈ ಅತಿಯಾಗಿ ಕಾಯುವುದೂ, ಟೋಪಿ ಜಾರಿ ಮೂಗು ಮುಚ್ಚುವುದೂ ಅಪಾಯ. ಬಾಣಂತಿ ಕೋಣೆಯಲ್ಲಿ ಕೆಂಡವಿಟ್ಟು, ಕೂಸಿಗೆ ಮೂರು ಪದರ ಸುತ್ತಿ, ಮೇಲೊಂದು ಟೋಪಿ ಬಿಗಿಯುವ ನಮ್ಮ ಹಿರಿಯರಿಗೆ ಇದನ್ನು ಗೌರವದಿಂದಲೇ, ಆದರೆ ಗಟ್ಟಿಯಾಗಿ ಹೇಳಬೇಕಾಗುತ್ತದೆ.

ಯಾವ ದಾರ? ಇಲ್ಲಿಯೂ ಘೋಷಣೆಗಳಿಂದ ಕೆಲಸವಾಗದು. ‘ನಮ್ಮ ನೆಲದ ಉಣ್ಣೆ’ ಎಂದರೆ ದಖನಿ ಕುರಿಯ ಉಣ್ಣೆ. ಕುರುಬರ ಮನೆಗಳಲ್ಲಿ ಹೆಂಗಸರು ನೂತು ಗಂಡಸರು ನೇಯ್ದು, ಹುಣಿಸೆಬೀಜದ ಗಂಜಿ ಹಾಕಿ ಮಾಡುವ ಕರಿಯ ಕಂಬಳಿ. ಅದು ಮಳೆಯನ್ನು ತಡೆಯುವುದೇ ಅದರ ಒರಟುತನದಿಂದ. 30 ಮೈಕ್ರಾನಿಗಿಂತ ದಪ್ಪನೆಯ ಎಳೆ ಚರ್ಮಕ್ಕೆ ಚುಚ್ಚುತ್ತದೆ, ದಖನಿಯ ಎಳೆ ಅದಕ್ಕಿಂತ ದಪ್ಪ. ಸ್ವದೇಶಿಯ ಹುಮ್ಮಸ್ಸಿನಲ್ಲಿ ಕೂಸಿನ ಕೆನ್ನೆಯನ್ನು ಕೆಂಪಗೆ ಮಾಡಬೇಡಿ. ತೊಟ್ಟಿಲಿನ ಕೆಳಗೆ ಹಾಸಲು, ಹೊತ್ತವರ ಹೆಗಲಿಗೆ, ದೊಡ್ಡವರ ಕೊಪ್ಪೆಗೆ ಅದು ಇರಲಿ. ಕಂಬಳಿ ಕೊಪ್ಪೆಯ ಜಾಗಕ್ಕೆ ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಆ ಉಣ್ಣೆಯನ್ನು ಕೇಳುವವರಿಲ್ಲ. ಕತ್ತರಿಸುವ ಕೂಲಿಯೂ ಹುಟ್ಟದೆ ಕುರಿಗಾರರು ಅದನ್ನು ಎಸೆಯುವ ಸ್ಥಿತಿ ಬಂದಿದೆ, ಉಣ್ಣೆಯಿಲ್ಲದ ಮಾಂಸದ ತಳಿಗಳು ಹಿಂಡಿಗೆ ಸೇರಿವೆ. ದೇಶದಲ್ಲಿ 2022–23ರಲ್ಲಿ 3.3 ಕೋಟಿ ಕಿಲೋಗೂ ಮಿಕ್ಕಿ ಉಣ್ಣೆ ಉತ್ಪಾದನೆಯಾಯಿತು. ಅದರಲ್ಲಿ ಬಹುಪಾಲು ಜಮಖಾನೆಗೆ ಹೋಗುವಂಥ ಒರಟು ಉಣ್ಣೆ. ಮೃದು ಉಣ್ಣೆ ಹೊರದೇಶದಿಂದ ಬರುತ್ತದೆ. ಪೇಟೆಯಲ್ಲಿ ದುಬಾರಿ ಬೆಲೆಗೆ ಸಿಗುವ, ‘ಯಂತ್ರದಲ್ಲಿ ಒಗೆಯಬಹುದು’ ಎಂದು ಬರೆದ ಮೆರಿನೋ ಉಣ್ಣೆಯನ್ನು ಸಾಮಾನ್ಯವಾಗಿ ಕ್ಲೋರಿನಿನಲ್ಲಿ ತೊಳೆದು ಮೇಲೊಂದು ತೆಳುವಾದ ರಾಳದ ಲೇಪ ಕೊಟ್ಟಿರುತ್ತಾರೆ. ಅಲ್ಲಿಯೂ ಪ್ಲಾಸ್ಟಿಕ್ ನುಸುಳಿದೆ.

ನಮ್ಮ ಹವೆಗೆ, ನಮ್ಮ ಕಿಸೆಗೆ ಒಗ್ಗುವುದು ಹತ್ತಿ. ಮಲೆನಾಡಿನ ಚಳಿ ಹಿಮಾಲಯದ ಚಳಿಯಲ್ಲ, ತೇವದ ಚಳಿ. ಬೆವರನ್ನು ಹೀರುವ ಪದರ ಮೈಗೆ ತಾಗಿರಬೇಕು. ಹೆಗ್ಗೋಡಿನ ‘ಚರಕ’ದಂಥ ಸಹಕಾರ ಸಂಸ್ಥೆ ಹತ್ತಿಯ ನೂಲಿಗೆ ಅಡಿಕೆ ಚೊಗರಿನ ಬಣ್ಣ ಹಾಕಿ ನೇಯುವುದನ್ನು ನಾವು ಕಂಡಿದ್ದೇವೆ. ಮಗ್ಗದ ನೂಲು ಹೆಣಿಗೆಗೆ ತೆಳುವಾದೀತು, ಆದರೆ ಹಲವು ಎಳೆಗಳನ್ನು ಸೇರಿಸಿ ಹುರಿಮಾಡಿದರೆ ಅದೇ ದಾರ ಟೋಪಿಗೆ ಒದಗುತ್ತದೆ. ಹತ್ತಿ ಉಣ್ಣೆಯಂತೆ ಹಿಗ್ಗಿ ಮತ್ತೆ ಕುಗ್ಗುವುದಿಲ್ಲ, ಆದ್ದರಿಂದ ಅಂಚಿನ ನಾಲ್ಕು ಬೆರಳು ಅಗಲವನ್ನು ಎರಡು ಸೀದಾ ಎರಡು ಉಲ್ಟಾ ಹೆಣೆಯಬೇಕು. 76 ನಾಲ್ಕರಿಂದ ಸಮನಾಗಿ ಭಾಗವಾಗುತ್ತದೆ. ಮಳೆಗಾಲದಲ್ಲಿ ಹತ್ತಿ ಬೇಗ ಒಣಗುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದುದು. ಆಕ್ರಿಲಿಕ್ ಬೇಗ ಒಣಗುತ್ತದೆ, ಅಗ್ಗ, ಹುಳ ತಿನ್ನುವುದಿಲ್ಲ. ಅಷ್ಟಿಲ್ಲದೆ ಅದು ಮನೆಮನೆಗೆ ಬರುತ್ತಿರಲಿಲ್ಲ. ಎರಡು ಟೋಪಿಯ ಬದಲು ನಾಲ್ಕು ಇಟ್ಟುಕೊಂಡು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವುದೊಂದೇ ನನಗೆ ತೋಚುವ ದಾರಿ. ನಾಲ್ಕು ಟೋಪಿಯೆಂದರೆ ನಾಲ್ಕು ಹತ್ತಲೆ ನಲವತ್ತು ದಿನ. ಆ ನಲವತ್ತು ದಿನ ಯಾರವು?

ಈ ಪ್ರಶ್ನೆಗೆ ಎರಡು ಉತ್ತರಗಳಿವೆ. ಒಂದು, ಹಣ ಕೊಟ್ಟು ಕೊಳ್ಳುವುದು. ಆಗ ನ್ಯಾಯವಾದ ಬೆಲೆ ಎಷ್ಟೆಂದು ಕೇಳಬೇಕಾಗುತ್ತದೆ. 2025–26ರ ಸಾಲಿಗೆ ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕಕ್ಕೆ ನಿಗದಿಯಾದ ದಿನಗೂಲಿ 370 ರೂಪಾಯಿ. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46 ರೂಪಾಯಿ. ಎರಡೂವರೆ ಗಂಟೆಯ ಟೋಪಿಗೆ ಕೂಲಿಯೇ 115 ರೂಪಾಯಿ, ದಾರದ ಬೆಲೆ ಬೇರೆ. ಸ್ವಸಹಾಯ ಸಂಘದ ಹೆಂಗಸರು ಕೈಯಲ್ಲಿ ಹೆಣೆದ ಟೋಪಿಯನ್ನು ಸಂತೆಯಲ್ಲಿ ಅರುವತ್ತು ರೂಪಾಯಿಗೆ ಚೌಕಾಸಿ ಮಾಡಿ ಕೊಂಡು ‘ಸ್ಥಳೀಯರಿಗೆ ಪ್ರೋತ್ಸಾಹ ಕೊಟ್ಟೆ’ ಎಂದು ಹೆಮ್ಮೆಪಡುವವರು, ಉದ್ಯೋಗ ಖಾತ್ರಿಯ ಕೂಲಿಯ ಅರ್ಧವನ್ನು ಕದ್ದಿದ್ದಾರೆ. ಕೈಕೆಲಸದ ಮೇಲಿನ ಜಿಎಸ್‌ಟಿಯನ್ನು ವಿರೋಧಿಸಿ ರಂಗಕರ್ಮಿ ಪ್ರಸನ್ನ ಅವರು 2017ರಲ್ಲಿ ಉಪವಾಸ ಕೂತಾಗ ನಮ್ಮಲ್ಲಿ ಅನೇಕರು ಬೆಂಬಲದ ಪತ್ರಕ್ಕೆ ಸಹಿ ಹಾಕಿದೆವು. ಆ ಸಹಿಯ ಇನ್ನರ್ಧವೆಂದರೆ ಚೌಕಾಸಿ ಬಿಡುವುದು. ಸರಕಾರಕ್ಕೂ ಇಲ್ಲಿ ಪಾಲಿದೆ. 2007ರ ಸುಮಾರಿಗೆ ರಾಜ್ಯದಲ್ಲಿ ಆರಂಭವಾದ ‘ಮಡಿಲು’ ಯೋಜನೆಯ ಚೀಲದಲ್ಲಿ, ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ ಕೊಡುತ್ತಿದ್ದ ಸಾಮಾನುಗಳ ಜೊತೆ ಕೂಸಿನ ಸ್ವೆಟರು, ಟೋಪಿ, ಕಾಲುಚೀಲವೂ ಇದ್ದವು. ಕಲ್ಪನೆ ಉದಾತ್ತವಾಗಿತ್ತು. ಅಂಥ ಚೀಲವನ್ನು ತುಂಬುವ ಹೊಣೆ ಟೆಂಡರಿನ ಗುತ್ತಿಗೆದಾರನಿಗೇ ಏಕೆ ಹೋಗಬೇಕು? ತಾಲೂಕಿನ ಆಸ್ಪತ್ರೆಯಲ್ಲಿ ಹುಟ್ಟುವ ಕೂಸುಗಳ ಟೋಪಿಯನ್ನು ಅದೇ ತಾಲೂಕಿನ ಕೈಗಳಿಂದ, ಹತ್ತಿ ದಾರದಲ್ಲಿ, ಕನಿಷ್ಠ ಕೂಲಿಗೆ ಕಡಿಮೆಯಾಗದ ಬೆಲೆಗೆ ಕೊಳ್ಳಬೇಕೆಂದು ಗ್ರಾಮಸಭೆಗಳು ನಿರ್ಣಯ ಮಾಡಿ ಜಿಲ್ಲಾ ಪಂಚಾಯಿತಿಗೆ ಕಳುಹಿಸಬಹುದು. ಯಾವ ಮಾರಾಟದ ವಸ್ತುವಿನ ಮೇಲೂ, ಅದು ಆಕ್ರಿಲಿಕ್ ಆಗಿದ್ದರೆ, ‘ಉಲ್ಲನ್’ ಎಂದು ಬರೆಯಕೂಡದೆಂದು ಒತ್ತಾಯಿಸುವುದು ಇನ್ನೂ ಸುಲಭ. ಅದಕ್ಕೆ ಹಣವೇ ಬೇಕಿಲ್ಲ.

ಎರಡನೆಯ ಉತ್ತರ ಗಂಡಸರದು. ಹೆಣಿಗೆ ಹೆಂಗಸರ ಕೆಲಸ ಎಂಬ ಶಾಸ್ತ್ರ ಎಲ್ಲಿ ಬರೆದಿದೆ? ಹಿಮಾಚಲದ ಗದ್ದಿ ಕುರಿಗಾರರಲ್ಲಿ ಗಂಡಸರು ಹಿಂಡಿನ ಹಿಂದೆ ನಡೆಯುತ್ತಲೇ ಕದಿರು ತಿರುಗಿಸಿ ನೂಲುತ್ತಾರೆ. ಪೆರು ದೇಶದ ಟಿಟಿಕಾಕಾ ಸರೋವರದಲ್ಲಿ ಟಾಕೀಲೆ ಎಂಬ ದ್ವೀಪವಿದೆ. ಅಲ್ಲಿ ಟೋಪಿ ಹೆಣೆಯುವವರು ಗಂಡಸರೇ, ಹುಡುಗರು ಚಿಕ್ಕಂದಿನಲ್ಲಿಯೇ ಕಲಿಯುತ್ತಾರೆ. ಆ ದ್ವೀಪದ ನೇಯ್ಗೆ–ಹೆಣಿಗೆಯ ಕಲೆಯನ್ನು ಯುನೆಸ್ಕೋ 2005ರಲ್ಲಿ ಮಾನವಕುಲದ ಪರಂಪರೆಯೆಂದು ಸಾರಿತು. ಹಗ್ಗ ಹೊಸೆಯುವ, ಬುಟ್ಟಿ ಹೆಣೆಯುವ, ಬೇಲಿ ಕಟ್ಟುವ ಕೈಗಳಿಗೆ ಎರಡು ಕಡ್ಡಿಗಳಲ್ಲಿ ಕುಣಿಕೆ ಹಾಕುವುದು ಬಾರದೆಂದರೆ ನಂಬಲಾಗದು. ನಮ್ಮ ಸಭೆಗಳು ಮೂರು ಗಂಟೆಗೆ ಕಡಿಮೆ ನಡೆದದ್ದುಂಟೇ? ನಿಮಿಷಕ್ಕೆ 20 ಕುಣಿಕೆಯ ಲೆಕ್ಕದಲ್ಲಿ ಒಂದು ಸಭೆಗೆ, ತಲೆಗೊಂದರಂತೆ, ಪೂರಾ ಒಂದು ಟೋಪಿ. ಮಾತಾಡುವವರಿಗೂ ಅಡ್ಡಿಯಿಲ್ಲ, ಬಾಯಿ ಬಿಡುವಾಗಿಯೇ ಇರುತ್ತದೆ. ಅಷ್ಟು ಹೊತ್ತು ಮನೆಯಲ್ಲಿ ತಾಯಿಗೆ ಸಿಕ್ಕ ಹದಿನೈದು ನಿಮಿಷದಲ್ಲಿ ಅವಳು ಹೆಣೆಯುತ್ತಾಳೋ, ಪುಸ್ತಕ ಓದುತ್ತಾಳೋ, ಕಾಲು ಚಾಚಿ ಮಲಗುತ್ತಾಳೋ ಅದು ಅವಳ ಇಷ್ಟ.

ಮುಂದಿನ ತಿಂಗಳ ಸಭೆಗೆ ಬರುವ ಗಂಡಸರು ಒಬ್ಬೊಬ್ಬರೂ 4 ಮಿಲಿಮೀಟರಿನ ಒಂದು ಜೊತೆ ಕಡ್ಡಿಯನ್ನು ತರತಕ್ಕದ್ದು. ಬಿದಿರನ್ನು ಹೆರೆದು, ಮರಳು ಕಾಗದದಲ್ಲಿ ನಯಮಾಡಿ ತಾವೇ ಮಾಡಿಕೊಂಡರೂ ನಡೆಯುತ್ತದೆ. ದಾರವನ್ನು ನಾವು ಹುರಿಮಾಡಿ ಇಟ್ಟಿರುತ್ತೇವೆ.